ಹದಿನೆಂಟನೇ ತಾರೀಖಿನ ಗೇಟು

ಹಸಿರು ದೀಪ ಮಿಣುಕುತ್ತಿದೆ, ಎರಡು ಸಲ ಬೇಗ, ಒಂದು ಸಲ ತಡೆದು, ಅಂದರೆ ಕ್ಯಾಮೆರಾದ ಡಬ್ಬಿಗೆ ಜೀವ ಇದೆ, ಜೀವ ಇದ್ದರೆ ಒಳಗೆ ಎಲ್ಲ ಇರಲೇಬೇಕು, ಈ ಸುರೇಶಕುಮಾರ ಟಿವಿ ಮೇಜಿನ ಹಿಂದೆ ಮೊಣಕಾಲೂರಿ ಕೂತು ನೀಲಿ ವೈರುಗಳನ್ನು ಒಂದೊಂದಾಗಿ ಕಿತ್ತು, ತುದಿಗೆ ಉಫ್ ಅಂತ ಊದಿ, ಮತ್ತೆ ಚುಚ್ಚುತ್ತಾನೆ, ಅಂಗಿ ಬೆನ್ನಿಗೆ ಅಂಟಿದೆ, ಫ್ಯಾನು ಹಾಕಬೇಕು, ಹಾಕಿದರೆ ದೇವರ ಮನೆಯ ದೀಪ ಆರುತ್ತದೆ, ನವರಾತ್ರಿಯ ದೀಪ, ಒಂಬತ್ತು ದಿನ ಆರಬಾರದು, ಸೆಖೆಯಲ್ಲೇ ಇರಲಿ — ಚಿತ್ರ ಚಂದ ಬರಾಕತ್ತದಲ್ರಿ ಅಮ್ಮಾರ, ಏನಾಗ್ಯದ ಅಂತ ಕರಿಸೀರಿ, ಅಂತ ಬಂದ ಕೂಡಲೇ ಕೇಳಿದ, ನಾನು ನಡುನಡುವೆ ನಿಂತುಹೋಗ್ತದಪ್ಪ, ಒಂದೀಟು ನೋಡು ಅಂದೆ, ಸುಳ್ಳು, ಎಷ್ಟು ಸಲೀಸಾಗಿ ಬಂತು, ಕೋರ್ಟಿನಲ್ಲಿ ಬಂದ ಹಾಗೆಯೇ ಬಂತು. ವಾಡಿಯಿಂದ ಬಂದಿದ್ದಾನೆ, ಸ್ಟೇಶನ್ನಿನ ಎದುರು ಅಂಗಡಿ, ಡಿಶ್ ಕೂಡಿಸುತ್ತಾನೆ, ಕ್ಯಾಮೆರಾ ಹಾಕುತ್ತಾನೆ, ಜನವರಿಯಲ್ಲಿ ನಮ್ಮ ಮನೆಗೆ ಹಾಕಿದವನೂ ಇವನೇ, ಅವನ ನಂಬರು ನಮ್ಮ ಯಜಮಾನರ ಡೈರಿಯಲ್ಲಿತ್ತು, ಇವರು ಬೆಳಿಗ್ಗೆ ಏಳಕ್ಕೇ ಗುಲಬರ್ಗಾಕ್ಕೆ ಹೋದರು, ಡಾಕ್ಟರುಗಳ ಸಭೆ, ಬರುವುದು ಸಂಜೆ, ಗಾಡಿ ಓಣಿ ದಾಟುವವರೆಗೆ ನಿಂತಿದ್ದು ಆಮೇಲೆ ಫೋನು ಹಚ್ಚಿದೆ. ಹೇಗೆ ಹೇಳಲಿ ಇವನಿಗೆ, ಆಗಸ್ಟ್ ಹದಿನೆಂಟನೇ ತಾರೀಖು, ಬೆಳಿಗ್ಗೆ ಹನ್ನೊಂದು, ಗೇಟಿನ ಕ್ಯಾಮೆರಾ, ಅಷ್ಟೇ ನೋಡಬೇಕಪ್ಪ, ಒಂದು ನಿಮಿಷದ್ದು, ನನ್ನ ಮಗಳ ಮುಖ, ಹೀಗೆ ಹೇಳಿಬಿಡಲೇ — ನಲವತ್ತು ದಿನ ಇಟ್ಟುಕೊಳ್ಳುತ್ತದೆ, ಆಮೇಲೆ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದು ಕೂಡುತ್ತದೆ ಅಂತ ಇವನೇ ಜನವರಿಯಲ್ಲಿ ಹೇಳಿದ್ದ, ಬೆರಳು ಮಡಚಿ ಎಣಿಸಿದ್ದೇನೆ, ಇವತ್ತಿಗೆ ಮೂವತ್ತೇಳು, ಇನ್ನು ಮೂರು ದಿನ, ಮೂರು ದಿನದಲ್ಲಿ ಇವರು ಮತ್ತೆ ಯಾವ ಊರಿಗೂ ಹೋಗುವುದಿಲ್ಲ, ಇವತ್ತೇ ಆಗಬೇಕು.

ಲಾಲಮ್ಮನ ಸಲುವಾಗಿ ಕ್ಯಾಮೆರಾ, ಊರಿಗೆ ಹೇಳಿದ ಕಾರಣ ಅದು. ಭಂಕೂರದಿಂದ ನಡೆದು ಬರುತ್ತಿದ್ದಳು, ವಾರಕ್ಕೊಮ್ಮೆ, ಗುರುವಾರ, ಗೇಟಿನ ಎದುರಿನ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದಳು, ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ, ಸೆರಗು ತಲೆಯ ಮೇಲೆ ಎಳೆದುಕೊಂಡು ಮನೆಯ ಕಡೆ ನೋಡುತ್ತ ನಿಲ್ಲುವುದು, ಬಿಸಿಲು ಏರಿದ ಮೇಲೆ ಹೋಗುವುದು, ಈ ಓಣಿ ಹಾದು ಕ್ಲಿನಿಕ್ಕಿಗೆ ಹೋಗುವ ಪೇಶಂಟುಗಳು ಕೇಳತೊಡಗಿದರು, ಯಾರ್ರಿ ಡಾಕ್ಟ್ರೇ ಆಕಿ, ಅಂತ, ಆಮೇಲೆ ಇವರು ಹೈದರಾಬಾದಿನಿಂದ ತರಿಸಿದರು, ನೆಟ್‌ವರ್ಕ್ ರೆಕಾರ್ಡರ್ ಅಂತ ಹೊಸದು, ಶಹಾಬಾದಿನಲ್ಲಿ ಯಾರ ಮನೆಯಲ್ಲೂ ಇಲ್ಲ, ಸುರೇಶಕುಮಾರ ಗೋಡೆ ಕೊರೆದ, ಫರಸಿಕಲ್ಲಿನ ಗೋಡೆ, ಎರಡು ದಿನ ಮನೆ ತುಂಬ ಬೂದಿಬಣ್ಣದ ಧೂಳು, ದೇವರ ಪೆಟ್ಟಿಗೆಯ ಮೇಲೂ, ಒಂದು ಗೇಟಿನ ಮೇಲೆ, ಒಂದು ಹಿತ್ತಲಿಗೆ, ಒಂದು ಮೆಟ್ಟಿಲಿಗೆ, ನಾಲ್ಕನೆಯದನ್ನು ಎಲ್ಲಿ ಹಾಕಲಿ ಸಾಹೇಬ್ರ ಅಂತ ಅವನು ಕೇಳಿದಾಗ ಇವರು ಹಾಲ್‌ನ ನಡುವೆ ನಿಂತು ಸುತ್ತಲೂ ನೋಡಿ, ಇಲ್ಲಿ ಹಾಕು, ಮುಂಬಾಗಿಲು ಕಾಣಬೇಕು, ಒಳಗಿಂದ, ಬಾಗಿಲು ಯಾರು ತೆಗೀತಾರ ಅಂತ ಕಾಣಬೇಕು ಅಂದರು, ಮನೆಯಲ್ಲಿ ಇರುವವರು ಇಬ್ಬರು, ಇವರು ಬಾಗಿಲು ತೆಗೆಯುವವರಲ್ಲ. ಲಾಲಮ್ಮನ ಗಂಡ ದೇವಿಂದ್ರಪ್ಪ, ಕಲ್ಲಿನ ಗಣಿಯಲ್ಲಿ ಕೆಲಸ, ಅವನು ಬದುಕಿದ್ದಾಗ ಹೆಸರು ಗೊತ್ತಿರಲಿಲ್ಲ, ಹೆಸರು ಗೊತ್ತಾದದ್ದು ಪೊಲೀಸರ ಕಾಗದದಲ್ಲಿ, ಅದಕ್ಕೂ ಮುಂಚೆ ನಾನು ಕಂಡದ್ದು ಅವನ ಕೈಯೊಂದನ್ನೇ, ಎರಡು ವರ್ಷದ ಹಿಂದೆ, ಎರಡು ಸಾವಿರದ ಏಳು, ಮಳಖೇಡದ ಆರಾಧನೆ ಮುಗಿಸಿ ಊಟ ಮಾಡಿ ಹೊರಟಿದ್ದೆವು, ಜಿಟಿಜಿಟಿ ಮಳೆ, ಡ್ರೈವರ್ ಹಣಮಪ್ಪ ವಾಡಿಯಲ್ಲಿ ಇಳಿದ, ಅಕ್ಕನ ಮನೆಗ ಹೋಗಿ ನಾಳಿಗಿ ಬರ್ತೀನ್ರಿ ಸಾಹೇಬ್ರ ಅಂದ, ಇಳಿಯಪ್ಪ ಅಂತ ಇವರೇ ಸ್ಟೇರಿಂಗಿಗೆ ಬಂದರು, ನಾನು ಪಕ್ಕದಲ್ಲಿ, ಪಮ್ಮಿ ಹಿಂದೆ, ಪ್ರಮಿತಾ, ಅವಳಿಗಾಗ ಇಪ್ಪತ್ನಾಲ್ಕು, ಬಿ.ಎಡ್. ಮುಗಿಸಿ ಮನೆಯಲ್ಲಿದ್ದಳು, ಪ್ರಸಾದದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಏನೋ ಹಾಡು ಗುನುಗುತ್ತಿದ್ದಳು, ಶಹಾಬಾದು ಇನ್ನು ಮೂರು ಮೈಲಿ ಅನ್ನುವಾಗ ಗಣಿಯ ತಿರುವು, ಒಂದು ಸದ್ದು, ದೊಡ್ಡದೇನಲ್ಲ, ತುಂಬಿದ ಹಿಟ್ಟಿನ ಚೀಲ ಕೆಳಗೆ ಹಾಕಿದ ಹಾಗೆ, ಇವರು ಐವತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಿಸಿದರು, ಇಳಿಯಲಿಲ್ಲ, ಕನ್ನಡಿಯಲ್ಲಿ ನೋಡಿದರು, ನಾನೂ ನನ್ನ ಕಡೆಯ ಕನ್ನಡಿಯಲ್ಲಿ ನೋಡಿದೆ, ಕೈ ಕಂಡಿತು, ಹಸಿ ಹುಲ್ಲಿನ ಮೇಲೆ ಕೈ, ಬೆರಳು ಮುಚ್ಚಿ ತೆರೆದು ಮುಚ್ಚಿ, ಪಮ್ಮಿ ಹಿಂದಿನಿಂದ ಅಪ್ಪಾ ಇಳೀರಿ, ಕೈ ಅಲ್ಲಾಡ್ಲಿಕತ್ತದ, ಅಪ್ಪಾ, ಅಂತ ಕೂಗಿದಳು, ಇವರು ಹೋಗ್ಯಾನ ಅಂದರು, ನಾ ಡಾಕ್ಟರ್ ಇದ್ದೀನಿ, ನನಗ ಗೊತ್ತಾಗ್ತದ, ಹೋಗ್ಯಾನ, ಗೇರು ಬದಲಿಸಿದರು, ಪಮ್ಮಿ ಬಾಗಿಲು ತೆಗೆದಳು, ಗಾಡಿ ಚಲಿಸುವಾಗಲೇ ತೆಗೆದಳು, ಒಂದು ಕಾಲು ಹೊರಗಿತ್ತು, ಅವಳನ್ನು ಹಿಡಿದವರು ಇವರಲ್ಲ, ನಾನು, ಹಿಂದೆ ತಿರುಗಿ ಅವಳ ಮುಂಗೈ ಹಿಡಿದೆ, ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದೆ, ಬೀಳ್ತಿ ಪಮ್ಮಿ, ಬೀಳ್ತಿ ಅಂದೆ, ಬಿದ್ದಿದ್ದರೆ ಮೊಣಕಾಲು ತರಚುತ್ತಿತ್ತು ಅಷ್ಟೇ, ಅಷ್ಟೇ ಆಗುತ್ತಿತ್ತು. ಅವನು ಏಳು ಗಂಟೆಯವರೆಗೆ ಇದ್ದನಂತೆ, ಎರಡೂವರೆ ತಾಸು, ಯಾರೋ ಲಾರಿಯವರು ದವಾಖಾನೆಗೆ ಹಾಕಿದರಂತೆ, ನೀರು ಕೇಳಿದನಂತೆ.

ಹಣಮಪ್ಪ ಮರುದಿನ ವಾಡಿಯಿಂದ ಬಂದು ಗಾಡಿ ತೊಳೆಯಲು ನಿಂತಾಗ ಇವರು ಅವನನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂಡಿಸಿದರು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ನಮ್ಮ ಕುರ್ಚಿಯ ಮೇಲೆ ಕೂತದ್ದು, ತುದಿಯಲ್ಲಿ ಕೂತಿದ್ದ, ನಿನ್ನ ಮಗಳು ಇವತ್ತ ಓಡಾಡ್ಲಿಕತ್ತಾಳಲ್ಲ ಹಣಮಪ್ಪ, ಆಕಿ ಹೊಟ್ಟಿ ಕೊಯ್ಯೋ ಹೊತ್ತಿನ್ಯಾಗ ಯಾರು ನಿಂತಿದ್ರು ಪಕ್ಕಕ್ಕ, ಅಂತ ಇವರು ಕೇಳಿದರು, ನೀವೇ ಸಾಹೇಬ್ರ, ಅಂದ ಅವನು, ಮತ್ತೇನೂ ಕೇಳುವ ಅಗತ್ಯ ಬೀಳಲಿಲ್ಲ, ಗಾಡಿ ನಡೆಸಿದವನು ತಾನೇ ಅಂತ ಅವನೇ ಠಾಣೆಯಲ್ಲಿ ಹೇಳುವುದು ಅಂತಾಯಿತು, ನಾನು ಚಹಾ ತಂದು ಕೊಟ್ಟೆ, ಅವನು ಎರಡೂ ಕೈಯಿಂದ ಬಟ್ಟಲು ಹಿಡಿದುಕೊಂಡು ನನ್ನ ಕಡೆ ನೋಡಿದ, ನಾನು ಏನಾದರೂ ಅಂದೇನೆಂದು ನೋಡಿದ. ಅಂದವಳು ಪಮ್ಮಿ, ಎರಡು ದಿನ ಊಟ ಬಿಟ್ಟು ಮಲಗಿದವಳು ಮೂರನೆಯ ದಿನ ಸ್ನಾನ ಮಾಡಿ, ಎಣ್ಣೆ ಹಚ್ಚಿ ಬಾಚಿಕೊಂಡು, ನೇರ ಠಾಣೆಗೆ ಹೋಗಿ ಗಾಡಿ ನಡೆಸಿದವರು ನಮ್ಮ ತಂದೆ ಅಂತ ಬರೆದುಕೊಟ್ಟು ಬಂದಳು, ಬಂದವಳನ್ನು ಇವರು ಹೊಡೆಯಲಿಲ್ಲ, ಅವಳ ಪೆಟ್ಟಿಗೆಯನ್ನು ತಾವೇ ತುಂಬಿ ಗೇಟಿನ ಹೊರಗೆ ಇಟ್ಟು ಬಂದರು, ಸೀರೆಗಳನ್ನು ಎಷ್ಟು ಅಚ್ಚುಕಟ್ಟಾಗಿ ಮಡಚಿದ್ದರು. ಅವಳು ಚಿತ್ತಾಪುರದಲ್ಲಿ ಕೋಣೆ ಹಿಡಿದಳು, ಸರ್ವರಬೇಗಂ ಅನ್ನುವವರ ಮನೆಯ ಮಾಳಿಗೆ, ಅಲ್ಲೇ ಒಂದು ಸಾಲಿಯಲ್ಲಿ ಟೀಚರು, ನಾನು ಎರಡು ಸಲ ಫೋನು ಮಾಡಿದೆ, ಮೂರನೆಯ ಸಲ ಇವರು ಬಿಲ್ಲು ನೋಡಿದರು, ಚಿತ್ತಾಪುರದ ನಂಬರ್ ಯಾರದು ಶಾರದಾ, ಅಂತ ಕೇಳಿದರು, ಆಮೇಲೆ ಮಾಡಲಿಲ್ಲ. ಕ್ಯಾಮೆರಾ ಬಂದ ಮೇಲೆ ದಿನಾ ಸಂಜೆ ಏಳಕ್ಕೆ ಕೈಕಾಲು ತೊಳೆದು, ಸಂಧ್ಯಾವಂದನೆ ಮುಗಿಸಿ, ಟಿವಿ ಮುಂದೆ ಕೂಡುತ್ತಾರೆ, ರಿಮೋಟು ಅವರ ಹತ್ತಿರವೇ, ಪಾಸ್‌ವರ್ಡು ಅವರಿಗೇ ಗೊತ್ತು, ನಾಲ್ಕು ಚೌಕ, ದಿನವನ್ನೆಲ್ಲ ಓಡಿಸಿ ಓಡಿಸಿ ನೋಡುತ್ತಾರೆ, ಹಾಲಿನವ ಓಡಿ ಬಂದು ಓಡಿ ಹೋಗುತ್ತಾನೆ, ನಾನು ಚೌಕದಿಂದ ಚೌಕಕ್ಕೆ ಇರುವೆಯ ಹಾಗೆ ಹರಿಯುತ್ತೇನೆ, ನನ್ನನ್ನು ನಾನೇ ಅಡುಗೆಮನೆಯ ಬಾಗಿಲಿನಿಂದ ನೋಡಿದ್ದೇನೆ, ಇಷ್ಟು ಕುಳ್ಳಗಿದ್ದೇನೆಯೇ, ಇಷ್ಟು ಸಲ ಸೆರಗು ಸರಿ ಮಾಡಿಕೊಳ್ಳುತ್ತೇನೆಯೇ. ಮಾರ್ಚಿನಲ್ಲಿ ಒಂದು ಗುರುವಾರ, ಬಿಸಿಲಂದರೆ ಬಿಸಿಲು, ಲಾಲಮ್ಮ ಬೇವಿನ ಗಿಡದ ಕೆಳಗೆ ಕೂತುಬಿಟ್ಟಿದ್ದಳು, ಯವ್ವಾ ಒಂದೀಟು ನೀರು ಅಂದಳು, ಎರಡು ವರ್ಷದಲ್ಲಿ ಅವಳು ಆಡಿದ ಒಂದೇ ಮಾತು, ನಾನು ಚೊಂಬು ತುಂಬಿ ಕೊಟ್ಟೆ, ಕುಡಿದು ಚೊಂಬನ್ನು ಗೇಟಿನ ಒಳಗೆ ಬೋರಲಿಟ್ಟು ಹೋದಳು, ಸಂಜೆ ಇವರು ಅಲ್ಲಿಗೆ ಬಂದಾಗ ಚಿತ್ರ ನಿಲ್ಲಿಸಿದರು, ಟಿವಿಯ ಮೇಲೆ ನನ್ನ ಕೈ, ಚೊಂಬು, ಲಾಲಮ್ಮನ ಕೈ, ಹಾಗೇ ನಿಂತಿತ್ತು, ನೀರು ಕೊಟ್ಟಿ, ಅಂದರು, ಹೌದು ಅಂದೆ, ಯಾಕ, ಅಂದರು, ಊಟಕ್ಕೆ ಬನ್ನಿ ಅಂದರೆ ಬರಲಿಲ್ಲ, ಆ ಚಿತ್ರವನ್ನು ಹಾಗೇ ಬಿಟ್ಟು ಹೋಗಿ ಮಲಗಿದರು, ಅದನ್ನು ತೆಗೆಯುವುದು ನನಗೆ ಗೊತ್ತಿರಲಿಲ್ಲ, ಪ್ಲಗ್ಗು ಕೀಳಲು ಹೆದರಿಕೆ, ಬೆಳಿಗ್ಗೆ ರಂಗೋಲಿ ಹಾಕಲು ಎದ್ದಾಗಲೂ ಅಲ್ಲೇ ಇತ್ತು ನನ್ನ ಕೈ, ಚೊಂಬು. ಅದಾದ ಮೇಲೆ ಗುರುವಾರ ನಾನು ಹಾಲ್‌ಗೇ ಬರುತ್ತಿರಲಿಲ್ಲ.

ಹಣಮಪ್ಪ ತಪ್ಪು ಒಪ್ಪಿಕೊಂಡರೂ ಪಮ್ಮಿಯ ಹೇಳಿಕೆ ಇತ್ತಲ್ಲ, ಹೀಗಾಗಿ ಕೋರ್ಟು ಸುಮ್ಮನೆ ಮುಗಿಸಲಿಲ್ಲ, ಗಾಡಿಯಲ್ಲಿದ್ದವರನ್ನೆಲ್ಲ ಕರೆಯಬೇಕು ಅಂತಾಯಿತು, ಜುಲೈಯಲ್ಲಿ ಪಮ್ಮಿ ಸಾಕ್ಷಿ ಹೇಳಿ ಬಂದಳು, ನನ್ನ ಪಾಳಿ ಆಗಸ್ಟ್ ಹತ್ತೊಂಬತ್ತು, ತಾಯಿ ಒಂದು ಮಾತು ಹೇಳಿದರೆ ಮಗಳ ಮಾತು ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ, ಅಂತ ನಮ್ಮ ವಕೀಲರು ಇವರಿಗೆ ಹೇಳುವಾಗ ನಾನು ಅವಲಕ್ಕಿ ಕೊಡುತ್ತಿದ್ದೆ, ನನ್ನ ಎದುರೇ ಹೇಳಿದರು, ನಾನು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ ಹೇಳಿದರು. ಹದಿನೆಂಟು, ಮಂಗಳವಾರ, ಇವರು ಕ್ಲಿನಿಕ್ಕಿನಲ್ಲಿ, ನಾನು ಹಾಲ್‌ನಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದೆ, ಗೇಟಿನ ಗಂಟೆ ಸದ್ದಾಯಿತು, ತಲೆ ಎತ್ತಿದೆ, ಟಿವಿಯಲ್ಲಿ ಮೊದಲನೇ ಚೌಕ, ಗೇಟು, ಯಾರೋ ಹೆಣ್ಣುಮಗಳು, ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಮುಖ ಕಾಣುವುದಿಲ್ಲ, ಬೈತಲೆ ಕಾಣುತ್ತದೆ, ಭುಜ ಕಾಣುತ್ತದೆ, ಚಪ್ಪಲಿಯ ತುದಿ, ಬೈತಲೆ ನೋಡಿದೆ ಸಾಕಾಯಿತು, ಸ್ವಲ್ಪ ಎಡಕ್ಕೆ ಸರಿದ ಬೈತಲೆ, ಅವಳ ನೆತ್ತಿಯಲ್ಲಿ ಒಂದು ಸುಳಿ ಇದೆ, ನಾನು ಎಷ್ಟು ನೇರ ತೆಗೆದರೂ ಅಲ್ಲಿಗೆ ಬಂದು ಎಡಕ್ಕೆ ಹೊರಳುತ್ತಿತ್ತು, ಸಾಲಿಗೆ ಹೋಗುವಾಗ ಕುರ್ಚಿಗೆ ಆನಿಸಿ ನಿಲ್ಲಿಸಿಕೊಂಡು ಬಾಚುತ್ತಿದ್ದೆ, ಅಮ್ಮಾ ಲಗೂ ಮಾಡು ಅನ್ನುತ್ತಿದ್ದಳು, ಎರಡು ವರ್ಷ ಆಗಿತ್ತು ಆ ತಲೆ ನೋಡಿ, ಮತ್ತೆ ಗಂಟೆ ಬಾರಿಸಿದಳು, ನನ್ನ ತೊಡೆಯ ಮೇಲಿನ ಸೊಪ್ಪೆಲ್ಲ ನೆಲಕ್ಕೆ ಬಿತ್ತು, ಎದ್ದೆ, ಬಾಗಿಲಿಗೆ ಆರು ಹೆಜ್ಜೆ, ಮೂರು ಹೆಜ್ಜೆ ಇಟ್ಟೆ, ನಾಲ್ಕನೆಯ ಚೌಕದಲ್ಲಿ ನಾನು ಮೂರು ಹೆಜ್ಜೆ ಇಟ್ಟದ್ದು ಕಂಡಿತು, ಸಂಜೆ ಇವರು ನಿಲ್ಲಿಸುತ್ತಾರೆ, ನನ್ನ ಕೈ ಅಗಳಿಯ ಮೇಲೆ ಇರುವ ಚಿತ್ರ ನಿಲ್ಲಿಸಿ ಹೋಗಿ ಮಲಗುತ್ತಾರೆ, ನಿಂತೆ, ಅಲ್ಲೇ ನಿಂತೆ, ಉಸಿರು ಹಿಡಿದು ನಿಂತೆ, ಅವಳಿಗೆ ಗೊತ್ತು ನಾನು ಒಳಗಿದ್ದೇನೆ ಅಂತ, ಮೆಂತ್ಯೆಯ ವಾಸನೆ ಕಿಟಕಿಯ ಹೊರಗೂ ಹೋಗಿರುತ್ತದೆ, ಗೇಟಿನ ಸರಳಿಗೆ ಎರಡೂ ಕೈ ಹಚ್ಚಿ ಬಾಗಿಲನ್ನೇ ನೋಡುತ್ತ ಎಷ್ಟು ಹೊತ್ತು ನಿಂತಳು, ಐದು ನಿಮಿಷವೋ ಹತ್ತೋ, ಆಮೇಲೆ ಮುಖ ಎತ್ತಿದಳು, ಕ್ಯಾಮೆರಾದ ಕಡೆ, ನೇರವಾಗಿ, ಒಮ್ಮೆಲೇ ಚೌಕದ ತುಂಬ ಮುಖ, ಕಪ್ಪಾಗಿದ್ದಾಳೆ, ಗಲ್ಲದ ಎಲುಬು ಕಾಣುತ್ತಿದೆ, ತುಟಿ ಅಲ್ಲಾಡಿತು, ಏನೋ ಅಂದಳು, ಕ್ಯಾಮೆರಾಕ್ಕೆ ಕಿವಿ ಇಲ್ಲ, ಅಂದು ಹೋದಳು. ಸಂಜೆ ಏಳಕ್ಕೆ ಇವರು ಟಿವಿ ಮುಂದೆ ಕೂತರು, ನಾನು ಅಡುಗೆಮನೆಯಲ್ಲಿ ಕಲ್ಲಿನ ಕಟ್ಟೆ ಹಿಡಿದುಕೊಂಡು ನಿಂತಿದ್ದೆ, ಈಗ ಬರುತ್ತದೆ, ಈಗ ಮಾತು ಬರುತ್ತದೆ, ಬರಲಿಲ್ಲ, ಎದ್ದು ನಾಳೆ ಹತ್ತಕ್ಕ ಹೊರಡೋಣ, ಮುಂಜಾನೆ ಉಪ್ಪಿಟ್ಟು ಸಾಕು ಅಂದರು, ಮೃದುವಾಗಿ ಅಂದರು, ನೋಡಿದರು, ನಾನು ಬಾಗಿಲು ತೆಗೆಯದೇ ಇದ್ದದ್ದನ್ನು ನೋಡಿದರು ಅಂದುಕೊಂಡೆ, ನನಗೆ — ಇದನ್ನು ಯಾರಿಗೂ ಹೇಳಲಾರೆ — ನನಗೆ ಸಮಾಧಾನ ಆಯಿತು, ಒಳ್ಳೆಯವಳು ಅನ್ನಿಸಿಕೊಂಡ ಸಮಾಧಾನ, ಊಟ ಸೇರಿತು.

ಚಿತ್ತಾಪುರದ ಕೋರ್ಟು, ಕಟಕಟೆಯ ಕಟ್ಟಿಗೆ ಸಾವಿರ ಕೈ ಹಿಡಿದು ಹಿಡಿದು ನುಣುಪಾಗಿದೆ, ಶಾರದಾಬಾಯಿ ಗಂಡ ಪವಮಾನರಾವ್ ಅಂತ ಮೂರು ಸಲ ಕೂಗಿದರು, ನನ್ನ ಹೆಸರು ಅಷ್ಟು ದೊಡ್ಡದಾಗಿ ಎಂದೂ ಕೇಳಿರಲಿಲ್ಲ, ಲಾಲಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು, ಹಿಂದಿನ ಬೆಂಚಿನಲ್ಲಿ ಪಮ್ಮಿ, ಅವಳ ಪಕ್ಕ ಬುರ್ಖಾದ ಹೆಂಗಸು, ಸರ್ವರಬೇಗಂ ಇರಬೇಕು, ಹಣಮಪ್ಪ ಕೈ ಕಟ್ಟಿಕೊಂಡು ನಿಂತಿದ್ದ, ಗಾಡಿ ಯಾರು ನಡೆಸುತ್ತಿದ್ದರು, ಅಂತ ಕೇಳಿದರು, ಹಣಮಪ್ಪ ಅಂದೆ, ಇಷ್ಟು ಹೇಳಿ ಇಳಿಯುವುದು ಅಂದುಕೊಂಡಿದ್ದೆ, ಇಷ್ಟೇ ಅಂತ ಇವರೂ ಹೇಳಿದ್ದರು, ಆದರೆ ನಮ್ಮ ವಕೀಲರು ಒಂದು ಕಾಗದ ಎತ್ತಿ ಹಿಡಿದು, ನಿಮ್ಮ ಮಗಳು ಪ್ರಮಿತಾಗೆ ಬುದ್ಧಿಭ್ರಮಣೆ ಇತ್ತು, ನಿಮ್ಮ ಯಜಮಾನರೇ ಔಷಧ ಕೊಡುತ್ತಿದ್ದರು, ಇಲ್ಲದ್ದು ಕಂಡ ಹಾಗೆ ಹೇಳುವುದು ಅವಳಿಗೆ ಮೊದಲಿನಿಂದಲೂ ಇದೆ, ಹೌದೋ ಅಲ್ಲವೋ, ಅಂದರು, ಕಾಗದದ ಮೇಲೆ ಇವರ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು, ಬಲಕ್ಕೆ ವಾಲುವ ಅಕ್ಷರ, ಪಮ್ಮಿಗೆ ಒಂದು ದಿನ ಜ್ವರ ಬಂದರೆ ಹೆಚ್ಚು, ಹೌದು ಅಂದೆ, ನಿನ್ನೆ ಬಾಗಿಲು ತೆಗೆಯದವಳಿಗೆ ಇವತ್ತು ಅಲ್ಲ ಅನ್ನುವ ಬಾಯಿ ಎಲ್ಲಿಂದ ಬರಬೇಕು, ಜೋರಾಗಿ ಹೇಳ್ರಿ ಅಂದರು ಬರೆದುಕೊಳ್ಳುವವರು, ಹೌದು, ಮತ್ತೊಮ್ಮೆ ಹೇಳಿದೆ, ಸರ್ವರಬೇಗಂ ಪಮ್ಮಿಯ ಬೆನ್ನ ಮೇಲೆ ಕೈ ಇಟ್ಟದ್ದು ಕಂಡಿತು, ಹೊರಗೆ ಬಂದಾಗ ಇವರು ಕಾರಿನ ಬಾಗಿಲು ತೆಗೆದು ಹಿಡಿದರು, ಮದುವೆಯಾದಾಗಿನಿಂದ ಎಂದೂ ಹಿಡಿದಿರಲಿಲ್ಲ. ಸೆಪ್ಟೆಂಬರ್ ಹನ್ನೊಂದಕ್ಕೆ ಹಣಮಪ್ಪನಿಗೆ ಒಂದು ವರ್ಷ ಜೈಲು ಅಂತಾಯಿತು, ಅವನ ಹೆಂಡತಿ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತು, ಅಮ್ಮಾರ ಆತಗ ಬಿಸಿ ರೊಟ್ಟಿ ಇಲ್ದ ಊಟ ಸೇರಂಗಿಲ್ರಿ, ಅಲ್ಲೇನ್ ಕೊಡ್ತಾರೋ, ಅಂತ ಅಷ್ಟೇ ಅಂದು ಹೋದಳು. ಮರುವಾರ ಮಳಖೇಡಕ್ಕೆ ಹೋಗಿಬರ್ತೀನ್ರಿ, ಹರಕಿ ಅದ, ಅಂತ ಇವರಿಗೆ ಹೇಳಿ, ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರದಲ್ಲಿ ಇಳಿದೆ, ಕೇಳುತ್ತ ಕೇಳುತ್ತ ಆ ಮನೆ ಹುಡುಕಿದೆ, ಹಸಿರು ಪರದೆ ಸರಿಸಿ ಸರ್ವರಬೇಗಂ ನನ್ನನ್ನು ನೋಡಿದರು, ಗುರುತು ಹಿಡಿದರು, ಕುಂದ್ರಿ ಅನ್ನಲಿಲ್ಲ, ಖಾಲಿ ಮಾಡಿಕೊಂಡು ಹೋದಳ್ರಿ, ನೌಕರಿನೂ ಬಿಟ್ಟಳು, ಸಾಲಿಯಾಗ ಮಂದಿ ಹುಚ್ಚಿ ಟೀಚರ್ ಅನ್ನಾಕತ್ತಿದ್ರು, ಮಕ್ಕಳ ತಾಯಂದ್ರು ಬಂದು ಬ್ಯಾಡ ಅಂದ್ರಂತ, ಎಲ್ಲಿಗಿ ಹೋದಳು ನನಗ ಹೇಳಿಲ್ಲ, ಹೇಳಿದ್ರೂ ನಿಮಗ ಹೇಳ್ತಿದ್ದಿಲ್ಲ, ಅಂದರು. ಮಾಳಿಗೆಯ ಕೋಣೆ ನೋಡಬಹುದೇ ಅಂತ ಕೇಳಿದೆ, ಬ್ಯಾರೆದೋರು ಬಂದಾರ್ರಿ, ಅಂದರು, ಪರದೆ ಬಿಟ್ಟರು, ಫೋನಿನಲ್ಲಿ ಅವಳ ನಂಬರು ಅಸ್ತಿತ್ವದಲ್ಲಿಲ್ಲ ಅಂತ ಒಂದು ಹೆಂಗಸಿನ ದನಿ ಹೇಳುತ್ತದೆ, ದಿನಾ ಹೇಳುತ್ತದೆ, ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ, ಇವರು ಎಲ್ಲ ತೆಗೆದು ಎಲ್ಲಿಟ್ಟರೋ, ಉಳಿದದ್ದು ಈ ಡಬ್ಬಿಯಲ್ಲಿರುವುದು, ಒಂದು ನಿಮಿಷದ್ದು, ಮುಖ, ತುಟಿ, ಅದನ್ನು ನಿಧಾನಕ್ಕೆ ಓಡಿಸಿದರೆ ಏನಂದಳು ಅಂತ ತಿಳಿದೀತು.

ಅಮ್ಮಾರ, ಅಂದ ಸುರೇಶಕುಮಾರ, ಮೇಜಿನ ಹಿಂದಿನಿಂದ ಎದ್ದು ಕೈ ಒರೆಸಿಕೊಳ್ಳುತ್ತ, ಚಿತ್ರಕ್ಕ ಏನೂ ಆಗಿಲ್ರಿ, ನಾಲ್ಕೂ ಬರಾಕತ್ತಾವ — ಈಗ, ಈಗ ಹೇಳಬೇಕು, ಹೇಳಿದೆ, ಆಗಸ್ಟ್ ಹದಿನೆಂಟು, ಹನ್ನೊಂದು ಗಂಟೆ, ಗೇಟಿಂದು, ಒಮ್ಮೆ ತೋರಿಸಪ್ಪ, ನಿನಗ ಪಾಸ್‌ವರ್ಡ್ ಗೊತ್ತಿರ್ತದಲ್ಲ, ಇವರಿಗೆ ಹೇಳಬ್ಯಾಡ, ನಿನ್ನ ಕಾಲು ಬೀಳ್ತೀನಿ ಅಂದೆನೇನೋ, ಅವನು ಛೇ ಛೇ ಹಂಗನಬ್ಯಾಡ್ರಿ ಅಂತ ಎರಡು ಹೆಜ್ಜೆ ಹಿಂದೆ ಸರಿದ, ಆಮೇಲೆ ನನ್ನ ಮುಖ ನೋಡಿದ, ಟಿವಿ ನೋಡಿದ, ಅದು ಸಿಗಂಗಿಲ್ರಿ ಅಮ್ಮಾರ, ಅಂದ. ಯಾಕೆ ಸಿಗುವುದಿಲ್ಲ, ನಲವತ್ತು ದಿನ ಇರುತ್ತದೆ ಅಂದಿದ್ದೆಯಲ್ಲ, ಮೂವತ್ತೇಳು ಆಗಿದೆ, ಎಣಿಸಿದ್ದೇನೆ, ಇನ್ನೂ ಮೂರು — ಹಂಗಲ್ರಿ, ಹಾರ್ಡ್ ಡಿಸ್ಕು ಹೋಗ್ಯದ್ರಿ, ಆಗಸ್ಟ್ ಆರಕ್ಕೇ ಹೋಗ್ಯದ, ಈಗ ಕಾಣೋದೆಲ್ಲ ಆಯಾ ಹೊತ್ತಿಂದು ಅಷ್ಟೇ, ಅವತ್ತಿಂದ ಒಳಗೇನೂ ಉಳದಿಲ್ಲ, ಒಂದು ಚಿತ್ರನೂ ಇಲ್ಲ, ಮುಂಚಿನದೂ ಅದರ ಜೋಡಿನೇ ಹೋಯ್ತು. ಆರನೇ ತಾರೀಖು, ಗುರುವಾರ, ಹೌದು, ಬೆಳಿಗ್ಗೆ ಡಬ್ಬಿ ಪೀಂ ಪೀಂ ಅಂತ ಕೂಗಿತ್ತು, ಇವರು ಬಂದು ಏನೋ ಒತ್ತಿದರು, ಸುಮ್ಮನಾಯಿತು, ಕರೆಂಟಿನ ಕಾಟ ಅಂದರು, ಸಾಹೇಬ್ರು ಅವತ್ತೇ ಫೋನ್ ಹಚ್ಚಿದ್ರಲ್ರಿ, ಅಂತಿದ್ದಾನೆ ಸುರೇಶಕುಮಾರ, ನಿಮಗ ಹೇಳಿಲ್ಲೇನು, ನೀವು ಒಳಗಿದ್ರೇನೋ, ನಾ ಬಂದು ನೋಡಿ ಡಿಸ್ಕು ಹೊಸದು ಹಾಕಬೇಕಂದೆ, ತರಿಸೀನಿ, ಅಂಗಡ್ಯಾಗ ಇಟ್ಟೀನಿ, ಮೂರು ಸಲ ಫೋನ್ ಮಾಡಿದೆ, ಅವಸರ ಇಲ್ಲ ಬಿಡು, ದೀಪ ಉರೀಲಿಕತ್ತದಲ್ಲ, ಹಂಗೇ ಇರ್ಲಿ ಅಂದ್ರು, ಮನ್ಯಾಗ ಹೇಳಬ್ಯಾಡ ಅಂದ್ರು, ಅಂದವನೇ ನಾಲಿಗೆ ಕಚ್ಚಿಕೊಂಡ. ಹಾಗಾದರೆ ದಿನಾ ಏಳಕ್ಕೆ, ಸಂಧ್ಯಾವಂದನೆ ಮುಗಿಸಿ, ರಿಮೋಟು ಹಿಡಿದು ಕೂತು ನೋಡುತ್ತಿದ್ದದ್ದು ಏನನ್ನು, ಕತ್ತಲಾದ ಗೇಟನ್ನು, ಖಾಲಿ ಹಿತ್ತಲನ್ನು, ಅರ್ಧ ತಾಸು ಅದನ್ನೇ ನೋಡಿ ಎದ್ದು ಊಟಕ್ಕೆ ಬರುತ್ತಿದ್ದರು, ಅಡುಗೆಮನೆಯಲ್ಲಿ ನಾನು ನಡುಗುವುದು ಅವರಿಗೆ ಗೊತ್ತಿತ್ತು, ಪಾತ್ರೆಯ ಸದ್ದಿನಲ್ಲಿ ಗೊತ್ತಾಗುತ್ತಿತ್ತೇನೋ, ಹದಿನೆಂಟನೇ ತಾರೀಖು ಅವಳು ಬಂದದ್ದು ಇವರಿಗೆ ಗೊತ್ತೇ ಇಲ್ಲ, ಇವತ್ತಿಗೂ ಗೊತ್ತಿಲ್ಲ, ನಾನು ಮೂರು ಹೆಜ್ಜೆಗೆ ನಿಂತದ್ದನ್ನು ಯಾರೂ ನೋಡಲಿಲ್ಲ, ಆರೂ ಹೆಜ್ಜೆ ಇಡಬಹುದಿತ್ತು, ಅಗಳಿ ತೆಗೆಯಬಹುದಿತ್ತು, ಒಳಗೆ ಕರೆದು ಕುರ್ಚಿಯ ಮೇಲೆ ಕೂಡಿಸಿ, ಊಟ ಬಡಿಸಿ, ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸಿದ್ದರೂ ಯಾವ ಸಂಜೆಯೂ ಯಾರೂ ಕೇಳುತ್ತಿರಲಿಲ್ಲ, ಕರೆದಿದ್ದರೆ ಮರುದಿನ ಕಟಕಟೆಯಲ್ಲಿ — ಗೊತ್ತಿದ್ದರೆ ತೆಗೆಯುತ್ತಿದ್ದೆನೇ, ಅಂತ ಕೇಳಿಕೊಳ್ಳುತ್ತೇನೆ, ಕೇಳಿಕೊಂಡರೆ ಕಾಲು ಮತ್ತೆ ಅಲ್ಲೇ ನಿಲ್ಲುತ್ತದೆ, ನಾಲ್ಕನೇ ಹೆಜ್ಜೆ ಬರುವುದಿಲ್ಲ, ಗಣಿಯ ತಿರುವಿನಲ್ಲಿ ಯಾವ ಕ್ಯಾಮೆರಾ ಇತ್ತು, ಅಲ್ಲಿಯೂ ಅವಳ ಕೈ ಹಿಡಿದೆನಲ್ಲ. ಅಮ್ಮಾರ ಕುಂದ್ರಿ, ನೀರು ಕುಡೀರಿ, ಅಂತಿದ್ದಾನೆ, ನಮ್ಮ ಮನೆಯ ನೀರು ನನಗೇ ತಂದು ಕೊಡುತ್ತಿದ್ದಾನೆ, ಹೊಸ ಡಿಸ್ಕು ಹಾಕಪ್ಪ ಅಂದೆ, ಇವತ್ತೇ ಹೋಗಿ ತಂದು ಹಾಕು, ಸಾಹೇಬ್ರು ಬ್ಯಾಡ ಅಂದಾರಲ್ರಿ ಅಂತಾನೆ, ನಾ ಹೇಳ್ತೀನಿ ಹಾಕು ಅಂದೆ, ಮತ್ತೊಮ್ಮೆ ಅವಳು ಬಂದರೆ ಉಳಿಯಲಿ, ಬರುವುದಿಲ್ಲ, ಎಲ್ಲಿಂದ ಬರುತ್ತಾಳೆ, ಹುಚ್ಚಿ ಅಂತ ನಾನೇ ಎರಡು ಸಲ ಹೇಳಿದೆ, ಎರಡನೆಯ ಸಲ ಜೋರಾಗಿ, ಅವನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಹೋದ, ಗೇಟು ದಾಟಿದ್ದು ಮೊದಲನೇ ಚೌಕದಲ್ಲಿ ಕಂಡಿತು, ಅವನ ನೆತ್ತಿ, ಚೀಲ, ಆಮೇಲೆ ಗೇಟು, ಬರಿಯ ಗೇಟು, ಕಣ್ಣು ಕೀಳದೆ ನೋಡುತ್ತೇನೆ, ತುಟಿ ಹೇಗೆ ಅಲ್ಲಾಡಿತು, ಮೊದಲು ಬಾಯಿ ತೆರೆಯಿತು, ಆಮೇಲೆ ತುಟಿ ಕೂಡಿತು, ಮತ್ತೆ ತೆರೆಯಿತು, ಅಮ್ಮಾ ಅಂದರೂ ಕೂಡುತ್ತದೆ, ಅಪ್ಪಾ ಅಂದರೂ ಕೂಡುತ್ತದೆ, ನಾನು ನನ್ನ ತುಟಿಯಲ್ಲೇ ಅಂದು ನೋಡುತ್ತೇನೆ, ಎರಡೂ ಒಂದೇ, ಸಂಜೆ ಅಪ್ಪ ನೋಡುತ್ತಾನೆ ಅಂತ ಅಪ್ಪನಿಗೆ ಅಂದಳೇ, ಬಾಗಿಲ ಹಿಂದೆ ನಿಂತಿದ್ದಾಳೆ ಅಂತ ನನಗೆ ಅಂದಳೇ, ಸರಳು ಹಿಡಿದ ಎರಡು ಕೈ, ಎಡಕ್ಕೆ ಹೊರಳಿದ ಬೈತಲೆ, ಮುಖ ಎತ್ತುತ್ತಾಳೆ, ಬಾಯಿ ತೆರೆಯುತ್ತದೆ, ತುಟಿ ಕೂಡುತ್ತದೆ, ತೆರೆಯುತ್ತದೆ — ಮುಖ ಎತ್ತುತ್ತಾಳೆ, ತುಟಿ ಕೂಡುತ್ತದೆ —